ಊಟದ ಮನೆಯ ಬಾಗಿಲು

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಮನುಷ್ಯನು ಏನನ್ನು ಉಣ್ಣಬೇಕೆಂಬುದನ್ನು ಕುರಿತು ನಮ್ಮ ನಾಡಿನಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಎಂಥ ಮನೆಯಲ್ಲಿ, ಯಾರ ಮಗ್ಗುಲಿಗೆ ಕುಳಿತು, ಎಷ್ಟು ಹಣ ತೆತ್ತು ಉಣ್ಣುತ್ತಾನೆಂಬ ವಿಚಾರ ಮಾತ್ರ ಹಿಂದೆಯೇ ಉಳಿದಿದೆ. ಈ ಲೇಖನದಲ್ಲಿ ನಾನು ಎತ್ತಿಕೊಂಡಿರುವುದು ಆ ಹಿಂದುಳಿದ ವಿಚಾರವನ್ನು. ಅದಕ್ಕೆ ನಿಮಿತ್ತವಾದದ್ದು ನಮ್ಮ ಗೆಳೆಯರ ನಡುವೆ ಈ ವರ್ಷ ಎದ್ದ ಒಂದು ವಾದ.

ಹುಬ್ಬಳ್ಳಿ, ಬೆಳಗಾವಿಗಳಂಥ ಪಟ್ಟಣಗಳಲ್ಲಿ ಈಗ ಮಾಲ್‌ಗಳೆಂಬ ಬಹುಮಹಡಿಯ ಅಂಗಡಿಗಳು ಎದ್ದು ನಿಂತಿವೆ. ಬಟ್ಟೆಬರೆ, ಪಾದರಕ್ಷೆ, ಸಿನೆಮಾ ಎಲ್ಲವೂ ಅಲ್ಲಿ ಒಂದೇ ಸೂರಿನ ಕೆಳಗೆ ದೊರೆಯುತ್ತವೆ. ಮೇಲಂತಸ್ತಿನಲ್ಲಿ ‘ಏಶಿಯನ್’ ಎಂದು ಫಲಕ ಹಾಕಿಕೊಂಡ ರೆಸ್ಟೋರೆಂಟುಗಳೂ ಉಂಟು. ಚೀನಾ, ಥಾಯ್ಲೆಂಡ್, ಜಪಾನ್ ದೇಶಗಳ ಅಡಿಗೆಯೆಂದು ಹೇಳಿ ಅಲ್ಲಿ ಬಡಿಸುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ವಿದ್ಯಾರ್ಥಿಗಳು ಪರೀಕ್ಷೆಗೋ ಸ್ಪರ್ಧೆಗೋ ಪಟ್ಟಣಕ್ಕೆ ಹೋದಾಗ ಅಲ್ಲಿ ಒಂದು ಹೊತ್ತು ಉಂಡು, ತಟ್ಟೆಯ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವುದು ವಾಡಿಕೆಯಾಗಿದೆ. ಇದನ್ನು ಕಂಡು ಒಂದು ಪಕ್ಷದವರು, “ನಮ್ಮ ಹುಡುಗರು ಮುಂದುವರಿದರು” ಎಂದು ಹಿಗ್ಗುತ್ತಾರೆ. ಇನ್ನೊಂದು ಪಕ್ಷದವರು, “ರೊಟ್ಟಿ ಬಿಟ್ಟು ಪರದೇಶದ ಶಾವಿಗೆಗೆ ಬಾಯಿ ಬಿಟ್ಟರು, ಸಂಸ್ಕೃತಿ ಕೆಟ್ಟಿತು” ಎಂದು ಮರುಗುತ್ತಾರೆ. ಇಬ್ಬರೂ ತಟ್ಟೆಯನ್ನು ನೋಡಿ ಮಾತಾಡುತ್ತಿದ್ದಾರೆ. ಬಾಗಿಲನ್ನು ಯಾರೂ ನೋಡಿಲ್ಲವೆಂದು ನನ್ನ ದೂರು.

ಮೊದಲು ತಟ್ಟೆಯ ವಿಚಾರವನ್ನೇ ಮುಗಿಸಿಬಿಡೋಣ. ‘ಏಶಿಯನ್’ ಎಂಬ ಹೆಸರೇ ತುಸು ವಿನೋದದ್ದು. ಭೂಗೋಳದ ಪಾಠ ಓದಿದ ಯಾವನಿಗಾದರೂ ಬೈಲಹೊಂಗಲವು ಏಶಿಯಾ ಖಂಡದಲ್ಲಿಯೇ ಇದೆಯೆಂದು ಹೇಳಬೇಕಾಗಿಲ್ಲ. ಹಾಗೆ ನೋಡಿದರೆ ನಮ್ಮ ಅಜ್ಜಂದಿರು ಹೊಲದ ಬದುವಿನ ಮೇಲೆ ಕುಳಿತು ಉಂಡದ್ದೂ ಏಶಿಯನ್ ಊಟವೇ. ಇನ್ನು ಆ ಮನೆಗಳಲ್ಲಿ ಅತ್ಯಧಿಕವಾಗಿ ಖರ್ಚಾಗುವ ಮಂಚೂರಿಯನ್ ಎಂಬ ಪದಾರ್ಥವನ್ನು ತೆಗೆದುಕೊಳ್ಳಿರಿ. ಮಂಚೂರಿಯ ಚೀನಾ ದೇಶದ ಈಶಾನ್ಯ ಭಾಗದ ಹೆಸರು. ಈ ಪದಾರ್ಥ ಮಾತ್ರ ಅಲ್ಲಿಂದ ಬಂದದ್ದಲ್ಲ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಇದನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ಒಗ್ಗರಣೆ ನಮ್ಮದು. ಗರಂ ಮಸಾಲೆಯ ಬದಲಿಗೆ ಸುರಿದ ಸೋಯಾ ಸಾಸು ಅವರದು. ಮುಂದೆ ಕೋಳಿಯ ಬದಲು ಹೂಕೋಸು ಬಂದು ‘ಗೋಬಿ’ ಆಯಿತು. ಈಗ ಅದು ನಮ್ಮ ತಾಲೂಕಿನ ಸಂತೆಗಳಲ್ಲಿ ತಳ್ಳುಗಾಡಿಯ ಮೇಲೆ ಕುಳಿತಿದೆ. ಆ ಹೂಕೋಸಾದರೂ ನಮ್ಮದೇ? ಅದು 1822ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದಿತೆಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಎಂದರೆ ರಾಣಿ ಚೆನ್ನಮ್ಮನು ಕಿತ್ತೂರಿನಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸುವುದಕ್ಕೆ ಎರಡೇ ವರ್ಷ ಮೊದಲು.

ಪರದೇಶದ್ದನ್ನು ಉಣ್ಣಬಾರದೆಂಬ ಹಟ ಹಿಡಿದರೆ ನಮ್ಮ ಬುತ್ತಿಯಲ್ಲಿ ಏನು ಉಳಿದೀತು? ಮೆಣಸಿನಕಾಯಿ ಅಮೇರಿಕ ಖಂಡದ್ದು, ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಶೇಂಗಾದ ತವರು ದಕ್ಷಿಣ ಅಮೇರಿಕ. ಗೋವಿನಜೋಳವೂ ಬಟಾಟೆಯೂ ಅಮೇರಿಕ ಖಂಡಗಳವೇ. ದಿನಕ್ಕೆ ನಾಲ್ಕು ಸಲ ಕುಡಿಯುವ ಚಹ ಚೀನಾದ್ದು; ಎಲೆ ಮಾತ್ರವಲ್ಲ, ಆ ಹೆಸರೂ ಚೀನೀ ಭಾಷೆಯದು. ಕೊನೆಗೆ ನಾವು ಪ್ರಾಣದಂತೆ ನೆಚ್ಚಿದ ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಲ್ಲಿ ಮೊದಲು ಬೇಸಾಯಕ್ಕೆ ಬಂದ ಧಾನ್ಯವೆಂದು ಶಾಸ್ತ್ರಜ್ಞರ ಅಭಿಪ್ರಾಯ. ಬಂದದ್ದನ್ನು ನಮ್ಮ ಮಣ್ಣಿನಲ್ಲಿ ಬಿತ್ತಿ, ನಮ್ಮ ಹಂಚಿನ ಮೇಲೆ ಸುಟ್ಟು ನಮ್ಮದನ್ನಾಗಿ ಮಾಡಿಕೊಂಡೆವು. ಅದೇ ನಮ್ಮ ಸಂಸ್ಕೃತಿ. ಆದುದರಿಂದ ನೂಡಲ್ಸು ತಿಂದ ಮಾತ್ರಕ್ಕೆ ಯಾವನೂ ಕೆಡಲಾರ. ತಿಂದ ಮಾತ್ರಕ್ಕೆ ಮುಂದುವರಿಯಲೂ ಆರ.

ಆರೋಗ್ಯದ ಮಾತು ಬೇರೆ. 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107ರಲ್ಲಿ ಅಂಥ ಬಣ್ಣ ಕಂಡುಬಂದಿತ್ತು. ಇದು ಚಿಂತಿಸತಕ್ಕ ಸಂಗತಿಯೇ ಸರಿ. ಆದರೆ ಇದು ಮಾರುವವನ ಮೋಸಕ್ಕೆ ಸಂಬಂಧಪಟ್ಟದ್ದು. ಪದಾರ್ಥವು ಯಾವ ದೇಶದ್ದೆಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಜಿಲೇಬಿಗೆ ಹಾಕುವ ಬಣ್ಣವೂ ಅಷ್ಟೇ ಕೆಟ್ಟದ್ದು.

ಇನ್ನು ಬಾಗಿಲಿನ ವಿಚಾರ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವನ್ನು ನಾವೆಲ್ಲರೂ ರಾಜ್ಯಶಾಸ್ತ್ರದ ತರಗತಿಯಲ್ಲಿ ಓದಿದ್ದೇವೆ. ಅದರ ಎರಡನೆಯ ಖಂಡದ ಕಡೆಗೆ ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೊಟೆಲು ಮತ್ತು ಮನರಂಜನೆಯ ಸ್ಥಳಗಳಿಗೆ ಪ್ರವೇಶಿಸುವಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ನಾಗರಿಕನಿಗೂ ಅಡ್ಡಿಯಿರಬಾರದೆಂದು ಅದು ಹೇಳುತ್ತದೆ. ಕೆರೆ, ಬಾವಿ, ರಸ್ತೆಗಳ ಮಾತು ಅದರ ಮುಂದಿನ ಸಾಲಿಗೆ. ಎಂದರೆ ನಮ್ಮ ಸಂವಿಧಾನವನ್ನು ರಚಿಸಿದವರು ಊಟದ ಮನೆಯ ಬಾಗಿಲನ್ನು ನೀರಿನ ಬಾವಿಯಷ್ಟೇ ದೊಡ್ಡ ವಿಷಯವೆಂದು ಬಗೆದಿದ್ದರು. 1955ರಲ್ಲಿ ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಹೊಟೆಲಿಗೆ ಬಾರದಂತೆ ತಡೆಯುವುದನ್ನೂ, ಅಲ್ಲಿಯ ಪಾತ್ರೆಗಳನ್ನು ಮುಟ್ಟಗೊಡದಿರುವುದನ್ನೂ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು.

ಈ ಅನುಚ್ಛೇದವನ್ನು ಅಳತೆಗೋಲಾಗಿ ಇಟ್ಟುಕೊಂಡು ನಾವು ಉಣ್ಣುವ ಮನೆಗಳನ್ನು ಅಳೆದು ನೋಡೋಣ. ಊಟದ ಮನೆಯ ಬಾಗಿಲಿಗೆ ಮೂರು ಪ್ರಶ್ನೆಗಳನ್ನು ಕೇಳಬಹುದು. ಯಾವ ಜಾತಿಯವನೇ ಆಗಲಿ, ಸಂಕೋಚವಿಲ್ಲದೆ ಒಳಗೆ ಹೋಗಬಹುದೇ? ಹೆಣ್ಣುಮಗಳೊಬ್ಬಳು ತಾನೊಬ್ಬಳೇ ಹೋಗಿ ಉಂಡು ಬರಬಹುದೇ? ಕೂಲಿಯವನ ಮಗನು ಜೇಬು ಮುಟ್ಟಿ ನೋಡಿಕೊಳ್ಳದೆ ಹೋಗಬಹುದೇ? ಮೊದಲಿನ ಎರಡು ಪ್ರಶ್ನೆಗಳನ್ನು ಸಂವಿಧಾನವೇ ಕೇಳಿದೆ. ಮೂರನೆಯದು ಅದರ ಪಟ್ಟಿಯಲ್ಲಿಲ್ಲ. ಹೊಟ್ಟೆಯ ಪಟ್ಟಿಯಲ್ಲಿ ಮಾತ್ರ ಅದೇ ಮೊದಲನೆಯದು.

ನಮ್ಮ ಕಡೆಯ ಖಾನಾವಳಿಗಳನ್ನು ಮೊದಲು ನೋಡೋಣ. ಖಾನಾವಳಿಯ ಊಟವನ್ನು ನಾನು ಹಳಿಯಲಾರೆ. ಎರಡು ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಮುಳಗಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ, ಮೇಲೆ ಅನ್ನ ಸಾರು. ನಾನು ಉಣ್ಣುವಲ್ಲಿ ಇಷ್ಟಕ್ಕೆ 80 ರೂಪಾಯಿ. ಒಳಗೆ ಒಲೆಯ ಮುಂದೆ ತಾಯಂದಿರು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಇರುತ್ತದೆ. “ಇನ್ನೊಂದ ರೊಟ್ಟಿ ಹಾಕ್ಲೇನಪಾ?” ಎಂದು ಕೇಳುವ ಬಾಯಿ ಯಾವ ಮಾಲಿನಲ್ಲೂ ಸಿಕ್ಕಲಾರದು. ಮೂರನೆಯ ಪ್ರಶ್ನೆಗೆ ಖಾನಾವಳಿಯು ಮರ್ಯಾದೆಯಿಂದ ಉತ್ತರ ಕೊಡುತ್ತದೆ.

ಮೊದಲನೆಯ ಪ್ರಶ್ನೆಗೆ ಬಂದಾಗ ಉತ್ತರ ತೊದಲುತ್ತದೆ. ನಮ್ಮ ಪಟ್ಟಣಗಳ ಪೇಟೆಯಲ್ಲಿ ತಲೆಯೆತ್ತಿ ನಡೆದವರಿಗೆಲ್ಲ ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಂಡೇ ಕಂಡಿರುತ್ತದೆ. ಮರಾಠಾ, ಸಾವಜಿ, ಬ್ರಾಹ್ಮಣ ಎಂಬ ಹೆಸರಿನ ಫಲಕಗಳೂ ಉತ್ತರ ಕರ್ನಾಟಕದ ಊರುಗಳಲ್ಲಿ ಇವೆ. ನ್ಯಾಯವಾಗಿ ಹೇಳಬೇಕಾದರೆ ಇಂದು ಈ ಫಲಕಗಳ ಅರ್ಥ ಅಡಿಗೆಯ ಬಗೆಯನ್ನು ತಿಳಿಸುವುದಷ್ಟೇ. ಲಿಂಗಾಯತ ಎಂದರೆ ಶಾಕಾಹಾರ, ಸಾವಜಿ ಎಂದರೆ ಮಾಂಸದ ಖಾರದಡಿಗೆ. ಒಳಗೆ ಹೋದವನನ್ನು ನಾನು ಉಂಡ ಕಡೆಗಳಲ್ಲಿ ಯಾರೂ ಜಾತಿ ಕೇಳಿದ್ದಿಲ್ಲ. ಮಾಲೀಕರೊಬ್ಬರನ್ನು ವಿಚಾರಿಸಿದಾಗ, “ಅದು ಅಪ್ಪನ ಕಾಲದ ಬೋರ್ಡ್ ಐತ್ರೀ, ಗಿರಾಕಿಗೆ ಗುರುತು ಸಿಗಲಿ ಅಂತ” ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ.

ಆದರೆ ಅದೇ ಫಲಕವನ್ನು ಹೊರಗಿನಿಂದ ಓದುವವನ ಕಣ್ಣಿನಿಂದಲೂ ಓದಬೇಕಷ್ಟೆ. ನಮ್ಮ ತರಗತಿಯ ಗೆಳೆಯನೊಬ್ಬ ಆ ದಾರಿಯಲ್ಲಿ ಬಂದಾಗಲೆಲ್ಲ ಮುಂದೆ ಸಾಗಿ, ಗಾಡಿಯ ಮುಂದೆ ನಿಂತು ಗಿರಮಿಟ್ಟು ತಿನ್ನುತ್ತಾನೆ. ಕಾರಣ ಕೇಳಿದಾಗ ಅವನು ಹೇಳಿದ ಮಾತನ್ನು ಅವನ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ: “ಒಳಗ ಹೋದ್ರ ಯಾರೂ ಏನೂ ಅನ್ನೂದಿಲ್ಲ, ಖರೆ. ಆದ್ರ ಬೋರ್ಡ್ ಓದೂದ್ರಾಗನ ಅರ್ಧಾ ಹಸಿವಿ ಹೋಗತೈತಿ.” ಕಾಯಿದೆ ತೆರೆದ ಬಾಗಿಲನ್ನು ಒಂದು ಹಳೆಯ ಫಲಕ ಹೀಗೆ ಅರ್ಧ ಮುಚ್ಚಿ ನಿಂತಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಹುಟ್ಟಿನ ಮೇಲುಕೀಳನ್ನು ಅಲ್ಲಗಳೆದು ದಾಸೋಹವನ್ನು ಧರ್ಮದ ನಡುಮನೆಯಲ್ಲಿ ಇಟ್ಟರು. ಅವರ ಹಾದಿಯ ಹೆಸರೇ ಇಂದು ಒಬ್ಬ ಹಸಿದ ಹುಡುಗನನ್ನು ಹೊರಗೆ ನಿಲ್ಲಿಸುವುದಾದರೆ ಅದು ಆ ಹೆಸರಿಗೂ ಮಾಡಿದ ಅನ್ಯಾಯ.

ಎರಡನೆಯ ಪ್ರಶ್ನೆಗಂತೂ ಖಾನಾವಳಿ ಉತ್ತರವನ್ನೇ ಕೊಡುವುದಿಲ್ಲ. ಒಳಗೆ ರೊಟ್ಟಿ ಬಡಿಯುವವರೆಲ್ಲ ಹೆಂಗಸರು. ಹೊರಗೆ ಕುಳಿತು ಉಣ್ಣುವವರೆಲ್ಲ ಗಂಡಸರು. ನಮ್ಮ ತರಗತಿಯ ಸೋದರಿಯರಲ್ಲಿ ಒಬ್ಬರೂ ಊರಿನ ಖಾನಾವಳಿಯಲ್ಲಿ ಒಬ್ಬರೇ ಕುಳಿತು ಉಂಡವರಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಮುನವಳ್ಳಿಯಿಂದ, ಮುರಗೋಡದಿಂದ, ಗೊಡಚಿಯ ಕಡೆಯಿಂದ ಹುಡುಗಿಯರು ಮುಂಜಾನೆ ಎಂಟಕ್ಕೆ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಾರೆ, ಸಂಜೆ ಐದಕ್ಕೆ ಮನೆ ಮುಟ್ಟುತ್ತಾರೆ. ದಾರಿ ತೆರೆಯಿತು, ನಡುಹೊತ್ತಿನ ಊಟಕ್ಕೆ ಕುಳಿತುಕೊಳ್ಳುವ ಜಾಗ ಮಾತ್ರ ತೆರೆಯಲಿಲ್ಲ. ತಂದ ಡಬ್ಬಿಯನ್ನು ಖಾಲಿ ಕೋಣೆಯ ಮೂಲೆಯಲ್ಲಿ ಬಿಚ್ಚುತ್ತಾರೆ. ಡಬ್ಬಿ ತಾರದ ದಿನ ಉಪವಾಸ. “ಇವತ್ತ ಒಪ್ಪತ್ತು” ಎಂದು ನಗುತ್ತಾ ಹೇಳುವ ಸೋದರಿಯರಲ್ಲಿ ಎಷ್ಟು ಜನರದು ದೇವರ ಒಪ್ಪತ್ತು, ಎಷ್ಟು ಜನರದು ಜಾಗವಿಲ್ಲದ ಒಪ್ಪತ್ತು ಎಂದು ನಾವು ಯಾರೂ ವಿಚಾರಿಸಿಲ್ಲ.

ಈಗ ಮಾಲಿನ ಕಡೆಗೆ ಬರೋಣ. ಈ ವರ್ಷದ ಜನವರಿಯಲ್ಲಿ ಒಂದು ಚರ್ಚಾಸ್ಪರ್ಧೆಯ ನಿಮಿತ್ತ ನಾವು ನಾಲ್ವರು, ಇಬ್ಬರು ಹುಡುಗರು ಮತ್ತು ಇಬ್ಬರು ಹುಡುಗಿಯರು, ಹುಬ್ಬಳ್ಳಿಗೆ ಹೋಗಿದ್ದೆವು. ಸ್ಪರ್ಧೆ ಮುಗಿದ ಮೇಲೆ ಅಂಥದೊಂದು ಏಶಿಯನ್ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನದ ಊಟ ಮಾಡಿದೆವು. ನಾನು ಅಲ್ಲಿ ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ಬಾಗಿಲಲ್ಲಿ ನಿಂತವನು ನಾಲ್ವರಿಗೂ ಒಂದೇ ರೀತಿ ನಮಸ್ಕಾರ ಮಾಡಿದನು. ನಾವು ಯಾರ ಮಕ್ಕಳು, ಯಾವ ಓಣಿಯವರು ಎಂದು ಯಾವ ಕಣ್ಣೂ ಕೇಳಲಿಲ್ಲ. ಗಾಡಿಯ ಮುಂದೆ ನಿಂತು ತಿನ್ನುವ ಆ ನನ್ನ ಗೆಳೆಯನೂ ಜೊತೆಗಿದ್ದನು. ಅವನು ಕುರ್ಚಿ ಎಳೆದು ಕಾಲು ಚಾಚಿ ಕುಳಿತ ರೀತಿಯನ್ನು ನಾನು ಊರಿನಲ್ಲಿ ಎಂದೂ ಕಂಡಿರಲಿಲ್ಲ. ಸೋದರಿಯರಿಬ್ಬರೂ ಗಟ್ಟಿಯಾಗಿ ನಕ್ಕು ಮಾತಾಡಿದರು. ಪಕ್ಕದ ಮೇಜಿನಲ್ಲಿ ಒಬ್ಬ ಹೆಣ್ಣುಮಗಳು ತಾನೊಬ್ಬಳೇ ಪುಸ್ತಕ ಓದುತ್ತಾ ಉಣ್ಣುತ್ತಿದ್ದಳು. ಯಾರೂ ಅವಳ ಕಡೆಗೆ ತಿರುಗಿ ನೋಡಲಿಲ್ಲ. ಪಟ್ಟಣದ ಹುಡುಗರು ಮಾಲಿಗೆ ಯಾಕೆ ಮುಗಿಬೀಳುತ್ತಾರೆಂದು ಬೈಯುವ ಹಿರಿಯರು ಇದೊಂದನ್ನು ಗಮನಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅವರೆಲ್ಲರೂ ರುಚಿಗಾಗಿಯೇ ಹೋಗುತ್ತಾರೆಂದು ತಿಳಿಯಬಾರದು. ಎರಡು ತಾಸು ಯಾರ ಮಗನೂ ಯಾರ ಮಗಳೂ ಆಗದೆ ಕುಳಿತಿರುವ ಸುಖಕ್ಕಾಗಿಯೂ ಹೋಗುತ್ತಾರೆ.

ಮೇಜಿನ ಮೇಲೆ ಎರಡೆರಡು ಕಡ್ಡಿಗಳನ್ನು ಇಟ್ಟಿದ್ದರು. ನಾವು ಚಮಚ ಹಿಡಿದೆವು, ಗೋಬಿಯನ್ನು ಕೈಯಿಂದಲೇ ತಿಂದೆವು. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಜಪಾನೀಯರ ಪ್ರಸಿದ್ಧವಾದ ಸುಶಿಯನ್ನು ಆ ದೇಶದಲ್ಲಿಯೇ ಕೈಬೆರಳಿನಿಂದ ಎತ್ತಿ ತಿನ್ನುವ ರೂಢಿಯುಂಟು. ನಾಚಿಕೆ ಎಂಬುದು ಬೇರೊಂದು ಕಡೆಯಿಂದ ಬಂದಿತು. ಅದು ಬಿಲ್ಲಿನ ರೂಪದಲ್ಲಿ ಬಂದಿತು.

ತಿನಿಸಿನ ಬೆಲೆ 1,410 ರೂಪಾಯಿ. ಅದರ ಮೇಲೆ ಸೇವಾಶುಲ್ಕವೆಂದು ನೂರಕ್ಕೆ ಹತ್ತು, ಆಮೇಲೆ ಜಿ.ಎಸ್.ಟಿ. ತೆರಿಗೆ. ನಮ್ಮ ಜೊತೆಯ ಸೋದರಿ ಬಿಲ್ಲನ್ನು ಓದಿ, ಈ ಸೇವಾಶುಲ್ಕ ಕಡ್ಡಾಯವೇ ಎಂದು ವಿನಯದಿಂದ ಕೇಳಿದಳು. ವ್ಯವಸ್ಥಾಪಕರು ಮರುಮಾತಿಲ್ಲದೆ ಅದನ್ನು ತೆಗೆದುಹಾಕಿದರು. ಈ ಸಂಗತಿಯನ್ನು ನಮ್ಮ ಗೆಳೆಯರೆಲ್ಲರೂ ತಿಳಿದಿರಬೇಕು. ತೆರಿಗೆ ಸರಕಾರಕ್ಕೆ ಸಲ್ಲತಕ್ಕದ್ದು, ಕೊಡಲೇಬೇಕು. ಸೇವಾಶುಲ್ಕ ಹಾಗಲ್ಲ. ಅದನ್ನು ಗಿರಾಕಿಯ ಬಿಲ್ಲಿಗೆ ತಾನಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಉಚ್ಚನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೇಳಿದರೆ ತೆಗೆಯುತ್ತಾರೆ, ಕೇಳದಿದ್ದರೆ ಉಳಿಯುತ್ತದೆ. ಕೇಳುವ ಧೈರ್ಯವಿಲ್ಲದವನ ಮೇಲೆ ಬೀಳುವ ತೆರಿಗೆಯೆಂದು ಅದನ್ನು ಕರೆಯಬಹುದು. ಹಳ್ಳಿಯಿಂದ ಬಂದವರು, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವನ್ನು ಕಂಡರೆ ಸುಮ್ಮನೆ ಹಣ ಎಣಿಸುವವರು, ಅದನ್ನು ಎಲ್ಲರಿಗಿಂತ ಹೆಚ್ಚಾಗಿ ತೆರುತ್ತಾರೆ. ಓದು ಕಲಿತ ಮೇಲೆ ಪದ್ಯವನ್ನಷ್ಟೇ ಅಲ್ಲ, ಬಿಲ್ಲನ್ನೂ ಓದಬೇಕು.

ಕಡೆಗೆ, ನೂರಕ್ಕೆ ಐದರಂತೆ ತೆರಿಗೆ ಸೇರಿ ನಾವು ಕೊಟ್ಟದ್ದು 1,480 ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ 370. ಈ ಅಂಕೆ ನನಗೆ ಪರಿಚಯದ್ದು. 2025-26ನೆಯ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿಯನ್ನು ಸರಿಯಾಗಿ 370 ರೂಪಾಯಿಯೆಂದು ನಿಗದಿಪಡಿಸಿದ್ದರು. ನನ್ನ ತಾಯಿ ಆ ಕೂಲಿಗೆ ಹೋದವಳು. ಒಂದು ದಿನ ಬಿಸಿಲಿನಲ್ಲಿ ಬದು ಕಡಿದು ಮಣ್ಣು ಹೊತ್ತರೆ ಒಬ್ಬನ ಒಂದು ಹೊತ್ತಿನ ಊಟ. ಮಾಲು ಯಾರನ್ನೂ ಜಾತಿ ಕೇಳುವುದಿಲ್ಲ, ಹೆಣ್ಣು ಗಂಡೆಂದು ನೋಡುವುದಿಲ್ಲ. ಅದು ಕೇಳುವ ಒಂದೇ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ? ಹಣವೆಂಬ ಜಾತಿಯೂ ಜಾತಿಯೇ. ಅದಕ್ಕೆ ಫಲಕದ ಅವಶ್ಯಕತೆಯಿಲ್ಲ, ಬೆಲೆಪಟ್ಟಿ ಸಾಕು.

ಇನ್ನೊಂದು ಮಾತು. ನಮಗೆ ಬಡಿಸಿದ ಹುಡುಗನು ನಮ್ಮ ಮಾತು ಕೇಳಿ, “ನೀವು ಯಾವ ಕಡ್ಯಾವರ್ರೀ?” ಎಂದು ಕೇಳಿದನು. ಅವನು ರಾಮದುರ್ಗ ತಾಲೂಕಿನವನು, ಪಿ.ಯು.ಸಿ. ಮುಗಿಸಿ ಓದು ಬಿಟ್ಟವನು. ನಮಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು. ಥಾಯ್ ದೇಶದ ಸಾರಿನ ಹೆಸರನ್ನು ನಮಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದನು. “ನಿಮ್ಮ ಊಟ ಇಲ್ಲೇ ಆಗತೈತೇನು?” ಎಂದು ಗೆಳೆಯ ಕೇಳಿದ್ದಕ್ಕೆ, “ಇಲ್ರೀ, ರೊಟ್ಟಿ ಕಟಗೊಂಡ ಬಂದಿರತೇನಿ. ನಾಲ್ಕಕ್ಕ ಗದ್ದಲಾ ಕಡಿಮಿ ಆದಮ್ಯಾಲೆ ಹಿಂದ ಮೆಟ್ಟಲ ಮ್ಯಾಲ ಕುಂತು ಉಂತೇನ್ರೀ” ಎಂದನು. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ನನಗೆ ಅನ್ನಿಸಿದ್ದು ಇಷ್ಟೇ: ಖಾನಾವಳಿಯ ತಾಯಿ ರೊಟ್ಟಿ ಬಡಿಯುತ್ತಾಳೆ, ಹೊರಗಿನ ಮೇಜಿನಲ್ಲಿ ಕೂರಲಾರಳು. ಮಾಲಿನ ಹುಡುಗ ತಟ್ಟೆ ಹೊರುತ್ತಾನೆ, ಆ ಕುರ್ಚಿಯಲ್ಲಿ ಕೂರಲಾರ. ಬಡಿಸುವವನು ಕೂತು ಉಣ್ಣಲಾರದ ಮನೆಗೆ ಮುಂದುವರಿದ ಮನೆಯೆಂದು ಹೇಗೆ ಹೇಳುವುದು?

ಹಾಗಾದರೆ ಮೂರು ಪ್ರಶ್ನೆಗಳಿಗೂ ಹೌದೆನ್ನುವ ಊಟದ ಮನೆ ಜಗತ್ತಿನಲ್ಲಿ ಇಲ್ಲವೇ ಇಲ್ಲವೇ? ಇದೆ, ನಾವೇ ಅದರಲ್ಲಿ ಉಂಡು ಬೆಳೆದಿದ್ದೇವೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟ ಅಂಥದು. ಸರಕಾರಿ ಶಾಲೆಯ ಪಡಸಾಲೆಯಲ್ಲಿ ಎಲ್ಲ ಓಣಿಯ ಮಕ್ಕಳು, ಗಂಡು ಹೆಣ್ಣೆನ್ನದೆ, ಕಾಸಿಲ್ಲದೆ, ಒಂದೇ ಸಾಲಿನಲ್ಲಿ ಕುಳಿತು ಉಂಡೆವು. ಅಡಿಗೆಯವರು ಯಾವ ಜಾತಿಯವರೆಂಬ ತಕರಾರು ಕೆಲವು ಊರುಗಳಲ್ಲಿ ಎದ್ದುದುಂಟು. ಆದರೂ ಪಂಕ್ತಿ ಮುರಿಯಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಾಂತರ ಜನ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದು ಬಯಲಿನಲ್ಲಿ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ಮಗ್ಗುಲಿನ ಅಪರಿಚಿತನನ್ನೂ ಕರೆದು ಉಣ್ಣಿಸುತ್ತಾರೆ. ಕೂಡಿ ಉಣ್ಣುವುದು ನಮಗೆ ಹೊಸದಲ್ಲ. ಜಾತ್ರೆಯ ಎರಡು ದಿನ ಬಲ್ಲದ್ದನ್ನು, ಹತ್ತನೆಯ ತರಗತಿಯವರೆಗೆ ಬಲ್ಲದ್ದನ್ನು, ಉಳಿದ ದಿನಗಳಿಗೂ ಉಳಿದ ತರಗತಿಗಳಿಗೂ ನಾವು ಒಯ್ಯಲಿಲ್ಲ. ಬಿಸಿಯೂಟ ಹತ್ತನೆಯ ತರಗತಿಗೆ ನಿಂತಿತು. ಪಂಕ್ತಿಯೂ ಅಲ್ಲಿಗೇ ಮುರಿಯಿತು. ಕಾಲೇಜಿಗೆ ಬಂದ ಮೇಲೆ ಹುಡುಗಿಯರ ಡಬ್ಬಿ ಒಂದು ಮೂಲೆಗೆ, ಹಣವಿದ್ದವನು ಪೇಟೆಗೆ, ಇಲ್ಲದವನು ಚುರಮರಿಯ ಗಾಡಿಗೆ, ಏನೂ ಇಲ್ಲದವನು ಗ್ರಂಥಾಲಯಕ್ಕೆ.

ಈ ಕಾರಣದಿಂದ ನಾನು ಮೂರು ಸೂಚನೆಗಳನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದು ಖಾನಾವಳಿಗಳ ಮಾಲೀಕರಿಗೆ. ಅವರು ದೊಡ್ಡ ಸಾಹುಕಾರರಲ್ಲ. ಬಾಡಿಗೆ, ಸಿಲಿಂಡರು, ಕೂಲಿಗಳ ನಡುವೆ ಒದ್ದಾಡುವವರು. ಅವರನ್ನು ಅಪರಾಧಿಗಳನ್ನಾಗಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಮುಂದಿನ ಸಲ ಫಲಕಕ್ಕೆ ಬಣ್ಣ ಹಚ್ಚಿಸುವಾಗ ಜಾತಿಯ ಹೆಸರನ್ನು ಬಿಟ್ಟು ಊರಿನ ಹೆಸರನ್ನೋ ನದಿಯ ಹೆಸರನ್ನೋ ಬರೆಯಿಸಲಿ. ಮಲಪ್ರಭೆ ನಮ್ಮೆಲ್ಲರ ಹೊಲಕ್ಕೂ ನೀರು ಕೊಟ್ಟವಳು. ಅವಳ ಹೆಸರಿಗೆ ಗಿರಾಕಿ ಕಡಿಮೆಯಾಗಲಾರರು. ಶಾಕಾಹಾರವೆಂದು ತಿಳಿಸಬೇಕಾದರೆ ‘ಶಾಕಾಹಾರ’ ಎಂದು ಬರೆದರೆ ಸಾಕು. ‘ಶುದ್ಧ’ ಎಂಬ ವಿಶೇಷಣವೂ ಬೇಡ. ಅದು ಇತರರ ಊಟವನ್ನು ಅಶುದ್ಧವೆಂದು ಹೇಳಿದಂತಾಗುತ್ತದೆ. ಪೊಟ್ಟಣದ ತಿನಿಸುಗಳ ಮೇಲೆ ಕಾಯಿದೆಯು ಒಂದು ಹಸಿರು ಬೊಟ್ಟಿನಿಂದ ಮಾಡುವ ಕೆಲಸವನ್ನು ನಾವು ಒಂದು ಸಮಾಜದ ಹೆಸರಿನಿಂದ ಯಾಕೆ ಮಾಡಬೇಕು? ಜೊತೆಗೆ ಹೆಣ್ಣುಮಕ್ಕಳು ಬಂದು ಕೂರುವಂಥ ಮೇಜುಗಳನ್ನು ಒಳಗೆ ಪರದೆಯ ಹಿಂದೆ ಬಚ್ಚಿಡದೆ, ಹೊರಗಿನ ಬೆಳಕಿನಲ್ಲಿ ಇಡಲಿ.

ಎರಡನೆಯದು ನಮ್ಮ ಕಾಲೇಜಿಗೆ. ನಮ್ಮಂಥ ಸರಕಾರಿ ಕಾಲೇಜಿನಲ್ಲಿ ಒಂದು ಕೋಣೆ, ಒಂದು ನಲ್ಲಿ, ಎಂಟು ಬೆಂಚುಗಳಿದ್ದರೆ ಸಾಕು. ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸ್ವಸಹಾಯ ಸಂಘಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿಯೇ ಇವೆ. ಅಂಥ ಒಂದು ಸಂಘಕ್ಕೆ ಬಾಡಿಗೆಯಿಲ್ಲದೆ ಆ ಕೋಣೆಯನ್ನು ಕೊಟ್ಟು, ಹನ್ನೆರಡರಿಂದ ಎರಡರವರೆಗೆ ಊಟ ಬಡಿಸಲು ಹೇಳಬಹುದು. ಲೆಕ್ಕ ಕಠಿಣವಲ್ಲ. ಒಂದು ಕಿಲೊ ಜೋಳದ ಹಿಟ್ಟಿಗೆ ಹತ್ತು ರೊಟ್ಟಿ. ಕಿಲೊಗೆ 50 ರೂಪಾಯಿ ಹಿಡಿದರೂ ಎರಡು ರೊಟ್ಟಿಯ ಹಿಟ್ಟಿಗೆ 10 ರೂಪಾಯಿ. ಪಲ್ಯ, ಹಿಂಡಿ, ಮಜ್ಜಿಗೆ, ಉರುವಲು, ಬಡಿಯುವವರ ದುಡಿಮೆ ಎಲ್ಲ ಸೇರಿ 40 ರೂಪಾಯಿಯೊಳಗೆ ಒಂದು ಹೊಟ್ಟೆ ತುಂಬುವ ಊಟ ಆಗಬಹುದೆಂದು, ದಿನವೂ ರೊಟ್ಟಿ ಬಡಿಯುವ ತಾಯಂದಿರನ್ನು ಕೇಳಿಯೇ ಹೇಳುತ್ತಿದ್ದೇನೆ. ಇದು ಕನಸಿನ ಮಾತಲ್ಲ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀ ಚಳವಳಿಯ ಮಹಿಳೆಯರು ಹೊಟೆಲುಗಳನ್ನು ನಡೆಸಿ ತೋರಿಸಿದ್ದಾರೆ. ನಮ್ಮ ರಾಜ್ಯದಲ್ಲಿಯೇ 2017ರಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳು 10 ರೂಪಾಯಿಗೆ ಊಟ ಕೊಟ್ಟವು. ನಾವು ಅಷ್ಟು ಅಗ್ಗವಾಗಿ ಕೇಳುತ್ತಿಲ್ಲ; ಸರಕಾರದ ಸಹಾಯಧನವನ್ನೂ ಕೇಳುತ್ತಿಲ್ಲ. ಕೋಣೆಯೊಂದನ್ನು ಕೇಳುತ್ತಿದ್ದೇವೆ. ಅಲ್ಲಿ ಒಂದೇ ನಿಯಮವಿರಲಿ: ಅಧ್ಯಾಪಕರೂ ವಿದ್ಯಾರ್ಥಿಗಳೂ ಬಡಿಸುವ ತಾಯಂದಿರೂ ಅದೇ ಬೆಂಚಿನ ಮೇಲೆ ಕುಳಿತು ಉಣ್ಣತಕ್ಕದ್ದು.

ಕಾಲೇಜು ಇರುವುದು ಓದುವುದಕ್ಕೆ, ಉಣ್ಣುವುದಕ್ಕಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅಂಥವರು ಮಧ್ಯಾಹ್ನ ಎರಡೂವರೆಯ ತರಗತಿಗೆ ಬಂದು ನಮ್ಮ ಮುಖಗಳನ್ನು ನೋಡಲಿ. ಮುಂಜಾನೆ ಏಳಕ್ಕೆ ಚಹ ಕುಡಿದು ಬಸ್ಸು ಹತ್ತಿದವನಿಗೆ ಆ ಹೊತ್ತಿನಲ್ಲಿ ಅರ್ಥಶಾಸ್ತ್ರದ ಯಾವ ಸಿದ್ಧಾಂತವೂ ತಲೆಗೆ ಹೋಗದು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ನಮ್ಮ ಸವದತ್ತಿ ತಾಲೂಕಿನವರು. ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಧಾರವಾಡದ ಮುರುಘಾಮಠವು ಬಡ ಹುಡುಗರಿಗೆ ಪ್ರಸಾದನಿಲಯ ನಡೆಸಿತು. ಓದಿಗೂ ಅನ್ನಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಅವರ ಕಾಲಕ್ಕೆ ಅದು ಒಬ್ಬೊಬ್ಬ ದಾನಿಯ, ಒಂದೊಂದು ಸಮಾಜದ ಕೆಲಸವಾಗಿತ್ತು. ನಮ್ಮ ಕಾಲಕ್ಕೆ ಅದು ಎಲ್ಲರ ಕೆಲಸವಾಗಬೇಕು.

ಮೂರನೆಯ ಸೂಚನೆ ನನ್ನ ಸಹಪಾಠಿಗಳಿಗೆ. ಮಾಲಿಗೆ ಹೋಗಿರಿ, ಹೋಗಬೇಡಿರೆಂದು ನಾನು ಹೇಳುವವನಲ್ಲ. ನಾಲ್ಕು ದೇಶದ ರುಚಿ ನೋಡಿರಿ, ಬಿಲ್ಲನ್ನು ಓದಿರಿ, ಬಡಿಸುವವನನ್ನು ಹೆಸರು ಹಿಡಿದು ಮಾತಾಡಿಸಿರಿ. ಆದರೆ ಅಲ್ಲಿ ಕಂಡ ಆ ಸಂಕೋಚವಿಲ್ಲದ ಕೂರುವಿಕೆಯನ್ನು ಅಲ್ಲಿಯೇ ಬಿಟ್ಟು ಬರಬೇಡಿರಿ. ಅದನ್ನು ಊರಿಗೆ ತನ್ನಿರಿ. ಡಬ್ಬಿಯನ್ನು ನಿಮ್ಮ ಓಣಿಯವರೊಡನೆ ಮಾತ್ರ ಬಿಚ್ಚದೆ, ನಾಳೆಯಿಂದಲೇ ಬೇರೆ ಓಣಿಯವನ ಮುಂದೆ ಬಿಚ್ಚಿರಿ. ಅವನ ಪಲ್ಯಕ್ಕೆ ಕೈ ಹಾಕಿರಿ, ನಿಮ್ಮ ಹಿಂಡಿಯನ್ನು ಅವನ ರೊಟ್ಟಿಯ ಮೇಲೆ ಹಾಕಿರಿ. ಇದಕ್ಕೆ ಯಾರ ಅಪ್ಪಣೆಯೂ, ಯಾವ ಅನುದಾನವೂ ಬೇಕಿಲ್ಲ.

ಮುಂದಿನ ವರ್ಷ ಈ ವಾರ್ಷಿಕ ಸಂಚಿಕೆ ಅಚ್ಚಾಗುವ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರಲಾರೆ. ನನ್ನ ಬೆಂಚಿನಲ್ಲಿ ಮುನವಳ್ಳಿಯಿಂದಲೋ ಮುರಗೋಡದಿಂದಲೋ ಬಂದ ತಮ್ಮನೋ ತಂಗಿಯೋ ಕುಳಿತಿರುವರು. ಆ ಕೋಣೆಗಾಗಿ ಪ್ರಾಂಶುಪಾಲರಿಗೆ ಕೊಡಲು ಬರೆದ ಮನವಿಪತ್ರವನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಇದನ್ನು ಓದಿ ಒಪ್ಪಿದವರು ದಯವಿಟ್ಟು ಸಹಿ ಹಾಕಬೇಕು. ಒಪ್ಪದವರು ಕಾರಣವನ್ನು ಅದರ ಕೆಳಗೆ ಬರೆಯಬೇಕು. ಅದನ್ನೂ ಮನವಿಯ ಜೊತೆಗೇ ಕೊಡುತ್ತೇನೆ.